ಸೈಲೆನ್ಸರ್ ಕೊಳೆ ಮತ್ತು ಮೂರನೆಯ ತೊಳೆತ



ಇಂದಿನ ಚಿಂತನೆಗೆ ಅಂಗುತ್ತರ ನಿಕಾಯದ ಪಂಸುಧೋವಕ ಸುತ್ತವನ್ನು ತೆಗೆದುಕೊಂಡಿದ್ದೇನೆ. ಪಂಸುಧೋವಕ ಎಂದರೆ ಮಣ್ಣು ತೊಳೆದು ಚಿನ್ನ ತೆಗೆಯುವವನು. ಕನ್ನಡದಲ್ಲಿ ಅವನಿಗೆ ಜಲಗಾರ ಎಂಬ ಹೆಸರಿದೆ. ಬೀದಿ ಗುಡಿಸುವವನಿಗೂ ಅದೇ ಹೆಸರು, ಕುವೆಂಪು ಅವರ ‘ಜಲಗಾರ’ ನಾಟಕ ಓದಿದವರಿಗೆ ಗೊತ್ತು. ಕೊಳೆ ತೆಗೆಯುವವನನ್ನೇ ಕೊಳಕ ಎಂದು ದೂರ ಇಟ್ಟ ನಾಡಿನಲ್ಲಿ, ಮನಸ್ಸಿನ ಸಾಧನೆ ಹೇಳಲು ಬುದ್ಧರು ಆರಿಸಿಕೊಂಡದ್ದು ಇಂಥವನ ಕೆಲಸವನ್ನು. ಆ ಧೈರ್ಯದ ಮೇಲೆ ನನ್ನ ಕೆಲಸವನ್ನೂ ನಡುವೆ ತರುತ್ತೇನೆ. ಐಮಂಗಲದಲ್ಲಿ ಹೆದ್ದಾರಿ ಪಕ್ಕ ಬೈಕ್ ರಿಪೇರಿ ಮಾಡುವವನು ನಾನು.

ಹಳೆ ಬೈಕಿನ ಸೈಲೆನ್ಸರ್ ನೋಡಿ. ಮೇಲೆ ಹೊಲದ ಮಣ್ಣು. ಅದರ ಕೆಳಗೆ ಡಾಂಬರಿನ ಚುಕ್ಕೆ, ಮಳೆಕೋಟಿನ ತುದಿಯೋ ಪ್ಲಾಸ್ಟಿಕ್ ಕವರೋ ಕರಗಿ ಹಿಡಿದ ಕರಿ ಪಟ್ಟೆ. ಇನ್ನೂ ಕೆಳಗೆ ಕ್ರೋಮಿನ ಮೇಲೆ ಸಾಸಿವೆ ಗಾತ್ರದ ತುಕ್ಕು. ಮಣ್ಣಿಗೆ ಶಾಂಪೂ ನೀರು ಸಾಕು, ಪೈಪು ಪೂರ್ತಿ ಆರಿರಬೇಕು ಅಷ್ಟೆ. ಡಾಂಬರಿನ ಮೇಲೆ ಸೀಮೆಎಣ್ಣೆ ಬಟ್ಟೆ ಇಟ್ಟು ಕಾದು ಒರೆಸಬೇಕು, ಆಮೇಲೆ ಎಣ್ಣೆಯ ಪಸೆ ಉಳಿಯದಂತೆ ಸೋಪಿನಲ್ಲಿ ತೊಳೆದೇ ಗಾಡಿ ಸ್ಟಾರ್ಟ್ ಮಾಡಬೇಕು. ಕರಗಿದ ಪ್ಲಾಸ್ಟಿಕ್ಕಿಗೆ ಇದ್ಯಾವುದೂ ನಾಟುವುದಿಲ್ಲ. ತಣ್ಣಗಿರುವ ಪೈಪಿಗೆ ಕವರ್ ತಾಗಿದರೆ ಜಾರಿ ಬೀಳುತ್ತದೆ, ಕಾದ ಪೈಪಿಗೆ ತಾಗಿದ್ದು ಬೆಸೆದುಕೊಳ್ಳುತ್ತದೆ. ಅದನ್ನು ಬಿಡಿಸಲು ಎರಡು ನಿಮಿಷ ಇಂಜಿನ್ ಓಡಿಸಿ, ಆಫ್ ಮಾಡಿ, ಹದವಾದ ಬಿಸಿಗೆ ಮೆತ್ತಗಾದಾಗ ಮರದ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸಬೇಕು. ತುಕ್ಕಿಗೆ ಅಲ್ಯೂಮಿನಿಯಂ ಹಾಳೆ ಮುದ್ದೆ ಮಾಡಿ ನೀರಲ್ಲಿ ಅದ್ದಿ ಉಜ್ಜಿದರೆ ಸಾಕು, ಕ್ರೋಮಿಗಿಂತ ಮೆತ್ತಗಿನ ಲೋಹ ಅದು. (ಕಪ್ಪು ಬಣ್ಣ ಬಳಿದ ಸೈಲೆನ್ಸರಿಗೆ ಮಾತ್ರ ಬೇಡ, ಬಣ್ಣವೇ ಹೋಗುತ್ತದೆ.) ಎಲ್ಲವನ್ನೂ ಒಂದೇ ಏಟಿಗೆ ತೆಗೆಯುತ್ತೇನೆಂದು ತಂತಿ ಬ್ರಷ್ ಹಾಕುವ ಹುಡುಗರಿದ್ದಾರೆ. ಕ್ರೋಮೇ ಕಿತ್ತುಬಂದು ಮುಂದಿನ ಮಳೆಗಾಲಕ್ಕೆ ಪೈಪೆಲ್ಲ ತುಕ್ಕು.

ಸುತ್ತದಲ್ಲೂ ಹೀಗೇ, ಮೂರು ತೊಳೆತ. ಮೊದಲು ಕಲ್ಲು, ಗರಸು: ಅದು ಕಾಯ, ಮಾತು, ಮನಸ್ಸಿನ ಕೆಟ್ಟ ನಡತೆ. ಆಮೇಲೆ ಮರಳು: ಕಾಮ, ದ್ವೇಷ, ಹಿಂಸೆಯ ಯೋಚನೆಗಳು. ಕೊನೆಗೆ ಸಣ್ಣ ಧೂಳು: ಬಂಧುಗಳ ಯೋಚನೆ, ನಾಡಿನ ಯೋಚನೆ, ನನ್ನನ್ನು ಯಾರೂ ಕೀಳಾಗಿ ಕಾಣಬಾರದೆಂಬ ಯೋಚನೆ. ಇಲ್ಲಿ ‘ಬಂಧು’ ಎಂಬಲ್ಲಿ ಕೆಲವು ಪಾಠಗಳು ‘ಜಾತಿ’ ಎನ್ನುತ್ತವೆ. ಇದನ್ನು ‘ಜಾತಿ’ ಎಂದೇ ಅನುವಾದಿಸಿದವರೂ ಇದ್ದಾರೆ. ನನಗಂತೂ ಎರಡೂ ಒಂದೇ ಧೂಳಾಗಿ ಕಾಣುತ್ತವೆ. ಕೀಳಾಗಿ ಕಾಣುವುದರ ವಿರುದ್ಧ ಹೋರಾಡುವುದು ಬೇರೆ ಮಾತು. ಬಾಬಾಸಾಹೇಬರು 1927ರಲ್ಲಿ ಮಹಾಡಿನ ಚೌಡರ್ ಕೆರೆಗಿಳಿದು ನೀರು ಕುಡಿದದ್ದು ಅದಕ್ಕೇ. ಸುತ್ತ ಹೇಳುತ್ತಿರುವುದು ಧ್ಯಾನಕ್ಕೆ ಕೂತಾಗಲೂ ಬಿಡದ ಆ ಒಳಗಿನ ಹೆದರಿಕೆಯನ್ನು.

ಈಗ ನಮ್ಮ ಮನೆಗಳಿಗೆ ಬರೋಣ. ದೀಕ್ಷೆ ತೆಗೆದುಕೊಂಡು 22 ಪ್ರತಿಜ್ಞೆ ಮಾಡಿದೆವು. ದೇವರ ಫೋಟೊ ಇಳಿಯಿತು, ಹರಕೆ ನಿಂತಿತು, ಎಷ್ಟೋ ಮನೆಗಳಲ್ಲಿ ಕುಡಿತವೂ ನಿಂತಿತು. ದಪ್ಪ ಕೊಳೆ ಹೋಯಿತು, ಸಣ್ಣ ಮಾತಲ್ಲ ಅದು. ಆದರೆ ಮಗಳಿಗೆ ಗಂಡು ಬಂದಾಗ ಏನಾಗುತ್ತದೆ? ಹುಡುಗ ಬೌದ್ಧ, ಓದಿದ್ದಾನೆ, ಕೆಲಸದಲ್ಲಿದ್ದಾನೆ ಎಂದು ಹೇಳಿ ಮುಗಿಸುವ ಮೊದಲೇ “ಅದೆಲ್ಲ ಸರಿ ಕಣಪ್ಪ, ಯಾವ ಕಡೆಯೋರು?” ಎಂಬ ಪ್ರಶ್ನೆ. ಎಡಗೈಯೋ, ಬಲಗೈಯೋ. 9ನೆಯ ಪ್ರತಿಜ್ಞೆ ಸಮಾನತೆಯದು, ಅದನ್ನು ಎಲ್ಲರೂ ಬಾಯಿಪಾಠ ಹೇಳಬಲ್ಲೆವು.

ಇದು ಬಿಸಿಯಲ್ಲಿ ಅಂಟಿದ ಕೊಳೆ. ಒಳಮೀಸಲಾತಿಯಲ್ಲಿ ಪಾಲು ಕೇಳುವುದು ನ್ಯಾಯವೇ. ಆದರೆ ಆ ಕಾವಿನಲ್ಲಿ ಒಬ್ಬರ ಮೇಲೊಬ್ಬರು ಆಡಿದ ಮಾತುಗಳು ಉಳಿದುಬಿಟ್ಟಿವೆ. ಭಾಷಣದ ತಣ್ಣೀರು ಅವಕ್ಕೆ ನಾಟದು, ಬೈಗುಳದ ತಂತಿ ಬ್ರಷ್ಷಂತೂ ಬೇಡವೇ ಬೇಡ. ಹದವಾದ ಬಿಸಿ ಎಂದರೆ ನನ್ನ ಲೆಕ್ಕದಲ್ಲಿ ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುವುದು, ಸಾವಿಗೆ ಹೆಗಲು ಕೊಡುವುದು, ಹೆಣ್ಣು ಕೊಟ್ಟು ತರುವುದು.

ಇನ್ನೊಂದು ಮಾತು. ಇಂಜಿನ್ನಿನ ಹತ್ತಿರ ಪೈಪು ಬಾಗುವ ಕಡೆ ನೀಲಿ, ಹಳದಿ ಛಾಯೆ ಇರುತ್ತದೆ. ಗಿರಾಕಿಗಳು ಅದನ್ನೂ ಉಜ್ಜಿ ಅನ್ನುತ್ತಾರೆ. ಅದು ಹೊರಗಿನಿಂದ ಬಂದು ಅಂಟಿದ್ದಲ್ಲ, ಬೆಂದ ಲೋಹವೇ ತಿರುಗಿದ ಬಣ್ಣ. ನಮ್ಮ ಹಿರಿಯರು ಬೆಂದ ನೆನಪೂ ಇಂಥದ್ದು. ‘ಹಳೆಯದನ್ನೆಲ್ಲ ಮರೆತುಬಿಡಿ, ಅದೂ ಮನಸ್ಸಿನ ಕೊಳೆ’ ಎಂದು ಯಾರಾದರೂ ಧಮ್ಮದ ಹೆಸರಲ್ಲಿ ಹೇಳಿದರೆ ಒಪ್ಪಬೇಡಿ.

ಈ ಭಾನುವಾರ ವಂದನೆ ಆದ ಮೇಲೆ ಊಟದ ಮನೆಗಳನ್ನು ಚೀಟಿ ಎತ್ತಿ ಹಂಚೋಣ ಎಂದಿದ್ದೇವೆ. ಆ ಕೇರಿಯವರು ಈ ಕೇರಿಗೆ, ಈ ಕೇರಿಯವರು ಆ ಕೇರಿಗೆ. ಬರುವವರು ಶನಿವಾರ ಸಂಜೆಯೊಳಗೆ ಗುಂಪಿನಲ್ಲಿ ಹೆಸರು ಹಾಕಿ.