ಲೋಫರ್ ಎಂಬ ಬಿರುದು

‘ಲೋಫರ್’ ಎಂದರೆ ನಮ್ಮಲ್ಲಿ ಪಕ್ಕಾ ಬೈಗುಳ. ಇಂಗ್ಲಿಷಿನಲ್ಲಿ ಅದು ಅಷ್ಟೇನೂ ಕೆಟ್ಟದ್ದಲ್ಲ. ಕೆಲಸವಿಲ್ಲದೆ ಹೊತ್ತು ಕಳೆಯುವವನು, ಅಷ್ಟೆ. 1830ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮಾತು. ಊರೂರು ಅಲೆಯುವವನಿಗೆ ಜರ್ಮನರು ಹೇಳುವ ‘ಲಾಂಡ್‌ಲಾಯ್ಫರ್’ ಇದರ ಮೂಲವಿರಬಹುದು ಎಂಬುದು ಬಲ್ಲವರ ಊಹೆ. ಮೊದಲು ಲೋಫರ್ ಹುಟ್ಟಿದ, ಆಮೇಲೆ ಅವನಿಂದ ‘ಲೋಫ್’ ಎಂಬ ಕ್ರಿಯಾಪದ ಹುಟ್ಟಿತಂತೆ. ಏನೂ ಮಾಡದವನು ಕ್ರಿಯಾಪದವೊಂದನ್ನಾದರೂ ಕೊಟ್ಟು ಹೋದ!

ಜರ್ಮನ್ ಮಾತನಾಡುವವರು ನಮ್ಮ ಮಂಗಳೂರಿಗೂ ಬಂದಿದ್ದರು, ಅಲೆಯುವುದಕ್ಕಲ್ಲ. 1834ರಲ್ಲಿ ಕಾಲಿಟ್ಟ ಬಾಸೆಲ್ ಮಿಷನ್ನಿನವರು ಅಚ್ಚುಕೂಟ ತೆರೆದರು, ಮಗ್ಗ ಹೂಡಿದರು, 1865ರಲ್ಲಿ ಹಂಚಿನ ಕಾರ್ಖಾನೆ ಕಟ್ಟಿದರು. ಕಿಟೆಲ್ ಅವರ ನಿಘಂಟು 1894ರಲ್ಲಿ ಇಲ್ಲೇ ಅಚ್ಚಾಯಿತು. ಅವರ ಪಾಲಿಗೆ ದುಡಿಮೆಯೂ ಧರ್ಮವೇ. ಆದರೆ ಆ ಪಾಠವನ್ನು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಿರಲಿಲ್ಲ. ಈ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಹೆಣ್ಣಿನ ‘ಬಿಡುವು’ ಎಂದರೆ ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುವ ಹೊತ್ತು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ.

ಲೋಫರ್ ಎಂಬುದಕ್ಕೆ ನಮ್ಮಲ್ಲಿ ಸ್ತ್ರೀಲಿಂಗ ಯಾಕಿಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನೆಹರೂ ಮೈದಾನದ ಮರದಡಿ ಗಂಡಸು ಸುಮ್ಮನೆ ಕೂತರೆ ಯಾರೂ ಕತ್ತು ತಿರುಗಿಸುವುದಿಲ್ಲ. ನಾನು ಕೂತರೆ ಗುರುತಿನವರು ನಿಂತು, “ಯಾರನ್ನು ಕಾಯುವುದು ಮಾರಾಯ್ರೆ?” ಎಂದು ಕೇಳುತ್ತಾರೆ. ಯಾರನ್ನೂ ಇಲ್ಲ ಎಂದರೆ ನಂಬಿಕೆಯಿಲ್ಲ. ಕೇಳುವುದರಲ್ಲೇ ಮುಗಿದರೆ ಪುಣ್ಯ. 2009ರ ಜನವರಿ 24ರಂದು ಇದೇ ಊರಿನ ಪಬ್ಬೊಂದರಲ್ಲಿದ್ದ ಹುಡುಗಿಯರನ್ನು ಗುಂಪೊಂದು ಎಳೆದಾಡಿ ಹೊಡೆಯಿತಲ್ಲ! 2011ರಲ್ಲಿ ಮುಂಬಯಿಯ ಮೂವರು ಲೇಖಕಿಯರು ‘ವೈ ಲಾಯ್ಟರ್?’ ಎಂಬ ಪುಸ್ತಕ ಬರೆದು, ಕಾರಣವಿಲ್ಲದೆ ಬೀದಿಯಲ್ಲಿ ನಿಲ್ಲುವುದೂ ಹೆಣ್ಣಿನ ಹಕ್ಕು ಎಂದು ವಾದಿಸಿದರು. ನಗು ಬರುವಷ್ಟು ಸಣ್ಣ ಹಕ್ಕು. ಆದರೂ ಕೇಳಿಯೇ ಪಡೆಯಬೇಕಾಗಿದೆ.

ಹಾಗಾದರೆ ಸೋಮಾರಿತನ ತಪ್ಪೇ ಅಲ್ಲವೇ? ತಪ್ಪೇ. ಅದನ್ನು ಅಳೆಯುವ ಸೇರು ಮಾತ್ರ ಬೇರೆಯಾಗಬೇಕು. ನಾನು ಕೂತಾಗ ನನ್ನ ಪಾಲಿನ ಹೊರೆ ಯಾರ ತಲೆಗೆ ಹೋಗುತ್ತದೆ ಎಂದು ನೋಡಬೇಕು. ಇನ್ನೊಬ್ಬರ ತಲೆಗೆ ಹೋದರೆ ಸೋಮಾರಿತನ. ಯಾರ ತಲೆಗೂ ಹೋಗದಿದ್ದರೆ ವಿಶ್ರಾಂತಿ. ಹೀಗೆ ಅಳೆದರೆ ಮೈದಾನದಲ್ಲಿ ಕೂತವನ ಮನೆಯಲ್ಲಿ ನೀರು ಸೇದುವವರು ಯಾರು ಎಂಬ ಪ್ರಶ್ನೆ ಏಳುತ್ತದೆ.

“ನೀವು ಕೂತರೆ ಮನೆಯವರಿಗೆ ಚಹಾ ಯಾರು ಕೊಡುವುದು?” ಎನ್ನಬಹುದು. ಕೈಕಾಲು ಗಟ್ಟಿಯಿರುವವರು ತಮ್ಮ ಚಹಾ ತಾವೇ ಮಾಡಿಕೊಂಡರೆ ಅದು ನಾನು ಹೊರಿಸಿದ ಹೊರೆಯಲ್ಲ. ಇಷ್ಟು ದಿನ ನಾನು ಹೊತ್ತ ಅವರದೇ ಹೊರೆ. ಹಿಂದಿರುಗಿಸುವುದರಲ್ಲಿ ಪಾಪವೇನಿದೆ ಹೇಳಿ?