ಅಚ್ಚಾದ ಮನೋಧರ್ಮ

ಮಳೆಗಾಲದಲ್ಲಿ ಕೆರೆಕಟ್ಟೆಯ ಕಡೆ ಬಯಲಾಟವಿಲ್ಲ. ಶೃಂಗೇರಿಯಿಂದ ಕಾರ್ಕಳಕ್ಕೆ ಘಾಟಿ ಇಳಿಯುವ ಈ ಸೀಮೆಯ ಮಳೆಯಲ್ಲಿ ರಂಗಸ್ಥಳ ಕಟ್ಟುತ್ತೇನೆಂದರೆ ಜನ ನಕ್ಕಾರು. ಆಗ ಮಲೆನಾಡಿನ ನಾಲಿಗೆಗೆ ಕೆಲಸ ಕೊಡುವುದು ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಮಾತಿಗಿಳಿದು ಅದರ ಅರ್ಥ ಹೇಳುತ್ತಾರೆ. ಪದ್ಯವೇನೋ ಪ್ರಸಂಗದ ಪುಸ್ತಕದಲ್ಲಿದೆ; ಮಾತು ಮಾತ್ರ ಎಲ್ಲೂ ಬರೆದಿಲ್ಲ. ಕೃಷ್ಣ ಸಂಧಾನದಲ್ಲಿ ಕೌರವ ಇವತ್ತು ಎತ್ತುವ ಆಕ್ಷೇಪ ನಿನ್ನೆಯದಲ್ಲ, ಹಾಗಾಗಿ ಕೃಷ್ಣನ ಉತ್ತರವೂ ನಿನ್ನೆಯದಾಗಲಾರದು.

ಅಮೆರಿಕದ ಹಾರ್ಡ್ ಬಾಪ್ ಜಾಝ್ ಕೇಳಿದಾಗಲೆಲ್ಲ ನನಗೆ ಈ ವ್ಯವಸ್ಥೆಯೇ ಕಾಣುತ್ತದೆ. 1950ರ ದಶಕದ ನಡುವೆ ಕುದುರಿಕೊಂಡ ಈ ಶೈಲಿಯಲ್ಲಿ ಧಾಟಿಯೊಂದು ಮೊದಲೇ ಗೊತ್ತಿರುತ್ತದೆ. ಅದನ್ನೊಮ್ಮೆ ಎಲ್ಲರೂ ಸೇರಿ ನುಡಿಸಿ ಮುಗಿಸಿದರೆಂದರೆ ಮುಂದಿನದೆಲ್ಲ ಅರ್ಥಗಾರಿಕೆ: ಸ್ಯಾಕ್ಸೋಫೋನಿನವರು ಹೇಳುತ್ತಾರೆ, ಡ್ರಮ್ಮಿನವರು ಕೆಣಕುತ್ತಾರೆ, ಪಿಯಾನೋದವರು ಎತ್ತಿಕೊಡುತ್ತಾರೆ. ಸೋಜಿಗವೆಂದರೆ, ಅಲ್ಲೇ ಹುಟ್ಟಿ ಅಲ್ಲೇ ಮುಗಿಯಬೇಕಾದ ಈ ಮಾತುಕತೆ ನಮಗೆ ತಲುಪಿದ್ದು ರೆಕಾರ್ಡಿನ ಮೂಲಕವೇ. ಅದರಲ್ಲಿ ಬಹುಪಾಲನ್ನು ಹಿಡಿದಿಟ್ಟವರು ರೂಡಿ ವ್ಯಾನ್ ಗೆಲ್ಡರ್. ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವ ಉದ್ಯೋಗ. ಸ್ಟುಡಿಯೋ ಎಂದರೆ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಜಾರ. 1959ರವರೆಗೂ ಅಲ್ಲೇ ನಡೆಯಿತು.

ಹಾಗಾದರೆ ಆ ಗಳಿಗೆಯಲ್ಲೇ ಹುಟ್ಟುವ ವಿಸ್ತಾರ, ನಮ್ಮ ಸಂಗೀತದವರು ಮನೋಧರ್ಮ ಎನ್ನುವುದು, ರೆಕಾರ್ಡಾದ ಮೇಲೆ ಏನಾಗುತ್ತದೆ? ಮನೋಧರ್ಮವಾಗಿಯೇ ಉಳಿಯುತ್ತದೆಯೇ, ಇಲ್ಲ ಬರೆದಿಟ್ಟ ಕೃತಿಯಾಗಿಬಿಡುತ್ತದೆಯೇ?

ಸುಲಭದ ಉತ್ತರಗಳು ಎರಡಿವೆ, ಎರಡೂ ನನಗೆ ಸಾಲವು. ಜೀವಂತ ಸಂಗೀತವಿರುವುದು ಕಛೇರಿಯಲ್ಲಿ ಮಾತ್ರ, ರೆಕಾರ್ಡು ಅದರ ಹೆಣ ಎನ್ನುವುದು ಒಂದು. ಹೀಗೆನ್ನುವವರ ಮನೆಯಲ್ಲೂ ಕ್ಯಾಸೆಟ್ಟಿನ ಗಂಟು ಇದ್ದೇ ಇರುತ್ತದೆ, ಇರಲಿ. ರೆಕಾರ್ಡೇ ಕೃತಿ, ಉಳಿದದ್ದೆಲ್ಲ ಅದರ ಸಿದ್ಧತೆ ಎನ್ನುವುದು ಇನ್ನೊಂದು. ಈ ಎರಡನೆಯ ನಿಲುವು ನುಡಿಸುವವರನ್ನೇ ಹೇಗೆ ಕಟ್ಟಿಹಾಕೀತು ಎಂಬುದಕ್ಕೆ ಸ್ಯಾಕ್ಸೋಫೋನಿನ ಸೋನಿ ರಾಲಿನ್ಸ್ ಸಾಕ್ಷಿ. 1956ರ ಜೂನ್ 22ರಂದು ವ್ಯಾನ್ ಗೆಲ್ಡರ್ ಬಳಿ ಒಂದೇ ದಿನದಲ್ಲಿ ಮುಗಿದ ‘ಸ್ಯಾಕ್ಸೋಫೋನ್ ಕೊಲಾಸಸ್’ನಲ್ಲಿ ‘ಬ್ಲೂ ಸೆವೆನ್’ ಎಂಬ ಹನ್ನೊಂದು ನಿಮಿಷದ ತುಣುಕಿದೆ. ಎರಡು ವರ್ಷದ ಮೇಲೆ ಸಂಗೀತಜ್ಞ ಗುಂಥರ್ ಶುಲ್ಲರ್ ಅದನ್ನು ಬಿಡಿಸಿ ಒಂದು ದೊಡ್ಡ ಲೇಖನ ಬರೆದರು: ಇಲ್ಲಿನ ವಿಸ್ತಾರವೆಲ್ಲ ಒಂದೇ ಎಳೆಯಿಂದ ಬೆಳೆದದ್ದು, ಕಟ್ಟಡದಷ್ಟು ಅಚ್ಚುಕಟ್ಟು ಎಂದು. ಹೊಗಳಿಕೆಯೇ. ಆದರೆ ಅದನ್ನು ಓದಿದ ಮೇಲೆ ನುಡಿಸುವಾಗ ತಾನೇನು ಮಾಡುತ್ತಿದ್ದೇನೆಂಬ ಎಚ್ಚರವೇ ಅಡ್ಡ ಬರತೊಡಗಿತು ಎಂಬರ್ಥದ ಮಾತನ್ನು ರಾಲಿನ್ಸ್ ಹೇಳಿಕೊಂಡಿದ್ದಾರೆ. 1959ರಲ್ಲಿ ಅವರು ವೇದಿಕೆ ಬಿಟ್ಟು, ಎರಡು ವರ್ಷ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ನಿಂತು ಅಭ್ಯಾಸ ಮಾಡಿದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಆ ಲೇಖನದ ತಲೆಗೇ ಅದನ್ನು ಕಟ್ಟುವುದು ಸರಿಯಲ್ಲ. ಆದರೂ ಒಂದು ಮಾತು: ಶುಲ್ಲರ್ ವಿಮರ್ಶೆ ಮಾಡಿದ್ದು ಆ ದಿನದ ರಾಲಿನ್ಸ್‌ನನ್ನು, ಹೊರೆ ಹೊತ್ತದ್ದು ಮರುದಿನದ ರಾಲಿನ್ಸ್.

ನನ್ನ ವಾದಕ್ಕೆ ಇದಕ್ಕಿಂತ ಒದಗಿಬರುವುದು ಒಂದು ತಡವರಿಕೆ. 1959ರ ಮೇ ತಿಂಗಳಲ್ಲಿ ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ ‘ಜಯಂಟ್ ಸ್ಟೆಪ್ಸ್’ ರೆಕಾರ್ಡ್ ಮಾಡಿದರು. ಓಟದ ಕಾಲಪ್ರಮಾಣ, ಎರಡೆರಡು ಎಣಿಕೆಗೆ ಸ್ವರಮೇಳ ಬದಲಾಗುವ ಕಟ್ಟು. ಆ ದಾರಿಯಲ್ಲಿ ಮೊದಲೇ ಸಾಕಷ್ಟು ಓಡಾಡಿದ್ದ ಕೋಲ್ಟ್ರೇನ್ ಎಲ್ಲೂ ಕಾಲು ತಪ್ಪುವುದಿಲ್ಲ. ಅವರ ಸರದಿ ಮುಗಿದು ಪಿಯಾನೋದ ಟಾಮಿ ಫ್ಲ್ಯಾನಗನ್ ಸರದಿ ಬರುತ್ತದೆ. ‘ಬ್ಲೂ ಸೆವೆನ್’ನಲ್ಲಿ ಅಷ್ಟು ನಿರಾಳವಾಗಿ ನುಡಿಸಿದವರು ಇವರೇ. ಮೊದಲು ಸ್ವರಗಳ ಸಾಲು ಹಿಡಿದು ಓಡುತ್ತಾರೆ, ಸಾಲು ತುಂಡಾಗುತ್ತದೆ. ಮತ್ತೆ ಹಿಡಿಯುತ್ತಾರೆ, ನಡುವೆ ಬಿಡುವು ಬೀಳುತ್ತದೆ. ಕೊನೆಗೆ ಓಟ ಬಿಟ್ಟು ಬರೀ ಸ್ವರಮೇಳಗಳನ್ನು ಒತ್ತಿ ದಾಟುತ್ತಾರೆ. ಕೋಲ್ಟ್ರೇನ್ ಬಂದು ಉಳಿದದ್ದನ್ನು ಎತ್ತಿಕೊಳ್ಳುತ್ತಾರೆ. ಇದು ಅಚ್ಚಾಗಿ ಲೋಕಕ್ಕೆಲ್ಲ ಹಂಚಿಹೋಯಿತು.

ಇದನ್ನು ತಪ್ಪು ಎಂದು ನಕ್ಕವರುಂಟು. ನನಗೋ ಆ ರೆಕಾರ್ಡಿನಲ್ಲಿ ಅತ್ಯಂತ ಸತ್ಯವಾದ ಭಾಗ ಅದು. ಕೋಲ್ಟ್ರೇನ್ ನುಡಿಸಿದ್ದನ್ನು ಕೇಳುತ್ತ ಕೇಳುತ್ತ ಅದು ಹಾಗೆಯೇ ಇರಬೇಕಾಗಿತ್ತು ಎನ್ನಿಸಿಬಿಡುತ್ತದೆ. ರೆಕಾರ್ಡು ಆಡುವ ಸುಳ್ಳು ಇದೇ. ನೂರು ಸಲ ಕೇಳಿದ ಮೇಲೆ ಆಕಸ್ಮಿಕವೂ ವಿಧಿಯಾಗಿ ಕೇಳುತ್ತದೆ. ಫ್ಲ್ಯಾನಗನ್ ತಡವರಿಸುವಾಗ ಮಾತ್ರ ನಮಗೆ ಬಾಗಿಲು ತೆರೆಯುತ್ತದೆ: ಇಲ್ಲೊಬ್ಬ ಮನುಷ್ಯ, ಮುಂದೇನೆಂದು ಗೊತ್ತಿಲ್ಲದೆ, ಈಗಿಂದೀಗ ಯೋಚಿಸುತ್ತಿದ್ದಾನೆ. 1982ರಲ್ಲಿ ಫ್ಲ್ಯಾನಗನ್, ತೀರಿಹೋಗಿದ್ದ ಕೋಲ್ಟ್ರೇನ್ ನೆನಪಿಗೆ ಅದೇ ಹೆಸರಿನ ಆಲ್ಬಮ್ ಮಾಡಿ, ಅದೇ ಧಾಟಿಯನ್ನು ಲೀಲಾಜಾಲವಾಗಿ ನುಡಿಸಿದರು. ಇಪ್ಪತ್ತಮೂರು ವರ್ಷ ಕಾದ ಉತ್ತರ. ಹಳೆಯ ರೆಕಾರ್ಡು ಇಲ್ಲದಿದ್ದರೆ ಈ ಉತ್ತರಕ್ಕೆ ಪ್ರಶ್ನೆಯೇ ಇರುತ್ತಿರಲಿಲ್ಲ.

ನಾನು ಹೇಳಹೊರಟದ್ದು ಇಲ್ಲಿಗೇ ಬಂದು ನಿಂತಿತು. ರೆಕಾರ್ಡಾದ ಮನೋಧರ್ಮ ಹೆಣವೂ ಅಲ್ಲ, ಕೃತಿಯೂ ಅಲ್ಲ. ಎದುರಾಳಿಗಾಗಿ ಕಾದಿರುವ ಅರ್ಥ. ಉತ್ತರಿಸುವವರು ಸಿಕ್ಕಿದಾಗ ಅದು ಮತ್ತೆ ಮಾತಾಗುತ್ತದೆ.

ಇದಕ್ಕೆ ನಮ್ಮದೇ ಪುರಾವೆ ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲ್ಲೂಕಿನ ಸಜಿಪದವರು, ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದವರು, ಮುಂದೆ ನಮ್ಮ ಶೃಂಗೇರಿ ಶಾರದಾ ಪೀಠದ ಆಸ್ಥಾನ ವಿದ್ವಾನರೂ ಆದರು. ನಾಗಸ್ವರದ ರಂಧ್ರವನ್ನು ಬೆರಳಿನಿಂದ ಅರೆ ಮುಚ್ಚಿ, ಕಾಲು ಮುಚ್ಚಿ ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನ ಕೀಲಿ ಹಾಗಲ್ಲ, ಮುಚ್ಚಿದರೆ ಮುಚ್ಚಿತು, ತೆರೆದರೆ ತೆರೆಯಿತು. ತೋಡಿಯ ಗಾಂಧಾರ ಯಾವ ಕೀಲಿಯ ಮೇಲೂ ಕೂರುವುದಿಲ್ಲ. ಅದು ತೂಗಾಡುತ್ತಲೇ ಇರಬೇಕಾದ ಸ್ವರ. ಎರಡು ಕೀಲಿಗಳ ನಡುವಿನ ಆ ತೂಗಾಟವನ್ನೆಲ್ಲ ತುಟಿಯ ಬಿಗಿ, ಉಸಿರಿನ ಒತ್ತಡಗಳಿಂದಲೇ ತುಂಬಬೇಕು. ಅದಕ್ಕೆ ಅವರು ಸವೆಸಿದ್ದು ಹತ್ತಿರ ಹತ್ತಿರ ಇಪ್ಪತ್ತು ವರ್ಷ. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ತಾನೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹತ್ತಿದರು. ತಾಳಮದ್ದಲೆಯಲ್ಲಿ ಇನ್ನೊಬ್ಬ ಅರ್ಥಧಾರಿ ಬಂದು ಕೂತ ಹಾಗೆ.

ಅದು ಎದುರಾ ಬದುರು. ಬರೀ ರೆಕಾರ್ಡಿನಿಂದ ಏನಾದೀತು ಎಂಬುದಕ್ಕೆ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಇದ್ದಾರೆ. ಹೆಸರು ನಮ್ಮ ಕಿವಿಗೆ ಪಕ್ಕದ ಮನೆಯದು. ಹುಟ್ಟಿದ್ದು ಇಟಲಿಯ ಟ್ರಿಯೆಸ್ಟೆ, ಬೆಳೆದದ್ದು ಅಮೆರಿಕದ ಕೊಲರಾಡೋ. ಬಾಸ್ಟನ್ನಿನ ಬರ್ಕ್ಲಿಯಲ್ಲಿ ಜಾಝ್ ಕಲಿಯುತ್ತಿದ್ದಾಗ ಅಣ್ಣ ಅರ್ಧ ತಮಾಷೆಗೆ ಕೊಟ್ಟದ್ದು ಗೋಪಾಲನಾಥರ ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ತಮಾಷೆ ಅಲ್ಲಿಗೆ ನಿಲ್ಲಲಿಲ್ಲ. 2008ರಲ್ಲಿ ಇಬ್ಬರೂ ಸೇರಿ, ಪಿಟೀಲು ವಿದುಷಿ ಕನ್ಯಾಕುಮಾರಿಯವರೊಂದಿಗೆ, ‘ಕಿನ್ಸ್‌ಮೆನ್’ ಹೊರತಂದರು. ಅದರಲ್ಲಿ ಎರಡು ಆಲ್ಟೋ ಸ್ಯಾಕ್ಸೋಫೋನುಗಳನ್ನು ಗುರುತಿಸುವುದು ಕಷ್ಟವಿಲ್ಲ: ಒಂದು ಸ್ವರದಿಂದ ಸ್ವರಕ್ಕೆ ಜಾರುತ್ತದೆ, ಇನ್ನೊಂದು ಹಾರುತ್ತದೆ. ಮಹಂತಪ್ಪ ಗೋಪಾಲನಾಥರ ನಕಲು ಮಾಡಿದ್ದರೆ ಆ ಆಲ್ಬಮ್ ಬೇಕಾಗಿರಲಿಲ್ಲ.

ಇಲ್ಲೊಂದು ಆಕ್ಷೇಪವಿದೆ, ಗಟ್ಟಿಯಾದದ್ದೇ. ಎಲ್ಲರೂ ಉತ್ತರಿಸುವುದಿಲ್ಲ, ಹೆಚ್ಚಿನವರು ಉರು ಹೊಡೆಯುತ್ತಾರೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ಟು ಕಂಠಪಾಠ ಮಾಡಿ ಬಂದವರ ಅರ್ಥ ಕೇಳಿದರೆ ಗೊತ್ತಾಗುತ್ತದೆ: ಎದುರಿನವರು ಕೇಳದ ಪ್ರಶ್ನೆಗೆ ಇವರು ಭರ್ಜರಿ ಉತ್ತರ ಕೊಡುತ್ತಿರುತ್ತಾರೆ. ಜಾಝಿನಲ್ಲೂ ಕೋಲ್ಟ್ರೇನ್ ಸಾಲುಗಳನ್ನು ಸ್ವರ ಬಿಡದೆ ಒಪ್ಪಿಸುವ ಹುಡುಗರಿಗೆ ಬರವಿಲ್ಲ. ಒಪ್ಪುತ್ತೇನೆ. ಆದರೆ ದೋಷ ರೆಕಾರ್ಡಿನದಲ್ಲ, ಒಂದೇ ರೆಕಾರ್ಡಿನದು. ಒಂದನ್ನೇ ಕೇಳಿದವರಿಗೆ ಅದು ಪಾಠ. ನಾಲ್ಕು ಕೇಳಿದವರಿಗೆ ಆಯ್ಕೆ ಕಾಣುತ್ತದೆ. 1994ರ ತಮಿಳು ಚಿತ್ರ ‘ಡ್ಯುಯೆಟ್’ಗಾಗಿ ಸಂಗೀತ ನಿರ್ದೇಶಕ ರೆಹಮಾನ್ ರಾಗದ ಮೇಲೆ ರಾಗ ನುಡಿಸಿಸಿ, ಯಾವುದಕ್ಕೂ ಒಪ್ಪದೆ, ಕೊನೆಗೆ ಕಲ್ಯಾಣವಸಂತಕ್ಕೆ ಒಲಿದರೆಂದು ಗೋಪಾಲನಾಥರು ಹೇಳುತ್ತಿದ್ದರು. ಊರೂರಿನ ಮದುವೆಮನೆಗಳಲ್ಲಿ ಮೊಳಗಿದ್ದು ಆ ಒಂದು. ನನಗೆ ಆಸೆ ಉಳಿದವುಗಳ ಮೇಲೆ.

ಜಾಝಿನ ಕಂಪನಿಗಳು ಅಂದು ಬದಿಗಿಟ್ಟ ಟೇಕುಗಳನ್ನು ಆಮೇಲೆ ಆಯ್ದ ಟೇಕಿನ ಪಕ್ಕದಲ್ಲೇ ಹಾಕಿ ಮಾರಿದವು. ವ್ಯಾಪಾರವೇ ಇರಬಹುದು, ಉಪಕಾರವೂ ಆಯಿತು. ನಮ್ಮಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಅವರ ‘ಅತ್ಯುತ್ತಮ’ವನ್ನು ಹೆಕ್ಕಿ ಮಾಲೆ ಮಾಡುವುದು ವಾಡಿಕೆ, 2019ರ ಅಕ್ಟೋಬರ್ 11ರಂದು ಗೋಪಾಲನಾಥರು ಹೋದ ಮೇಲೂ ಹಂಚಿಕೊಂಡದ್ದು ಅಂಥವನ್ನೇ. ಅದರ ಬದಲು ಅವರ ‘ರಘುವಂಶ ಸುಧಾ’ವನ್ನೇ ತೆಗೆದುಕೊಳ್ಳಿ. ಕದನಕುತೂಹಲ ರಾಗ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ರಚನೆ, ಅವರು ಎಷ್ಟೋ ಕಛೇರಿಗಳಲ್ಲಿ ನುಡಿಸಿದ್ದು. ಬೇರೆ ಬೇರೆ ವರ್ಷದ, ಬೇರೆ ಬೇರೆ ಪಕ್ಕವಾದ್ಯದವರ ಜೊತೆಗಿನ ಮೂರು ಧ್ವನಿಮುದ್ರಣಗಳನ್ನು ಒಂದರ ಹಿಂದೊಂದು ಹಾಕಿ, ಬರೀ ಸ್ವರಕಲ್ಪನೆಯ ಜಾಗ ಕೇಳಬೇಕು: ಮೃದಂಗದವರು ಎಲ್ಲಿ ತಡೆದರು, ಪಿಟೀಲಿನವರು ಏನು ತಿರುಗಿಸಿ ಕೊಟ್ಟರು, ಅದಕ್ಕೆ ಸ್ಯಾಕ್ಸೋಫೋನು ಯಾವ ದಾರಿ ಬಿಟ್ಟು ಯಾವುದು ಹಿಡಿಯಿತು. ಆಕಾಶವಾಣಿಯವರಾಗಲಿ ಸಭಾದವರಾಗಲಿ ಇಂಥದೊಂದು ಸಂಪುಟ ತಂದರೆ, ಆಷಾಢದ ತಾಳಮದ್ದಲೆ ಒಂದು ರಾತ್ರಿ ತಪ್ಪಿದರೂ ನನ್ನದೇನೂ ತಕರಾರಿಲ್ಲ.