ರಿಯಾಯಿತಿ, ಉಳಿತಾಯ ಮತ್ತು ಅಪರಿಗ್ರಹ

ಆಷಾಢದಲ್ಲಿ ಕರ್ನಾಟಕದ ಬಹುತೇಕ ಹಿಂದೂ ಮನೆಗಳಲ್ಲಿ ಮದುವೆ, ಗೃಹಪ್ರವೇಶಗಳು ನಡೆಯುವುದಿಲ್ಲ. ಶುಭಕಾರ್ಯಗಳಿಲ್ಲದ ಮೇಲೆ ಸೀರೆ, ಪಾತ್ರೆ, ಮಂಚ, ಬೀರುಗಳಿಗೆ ಗಿರಾಕಿಯೂ ಇಳಿಯುತ್ತದೆ. ದಾಸ್ತಾನು ಕರಗಿಸಲು ಅಂಗಡಿಗಳು ‘ಆಷಾಢ ಸೇಲ್’ ಹೂಡುತ್ತವೆ. ಅದೇ ಮಾಸದ ಶುಕ್ಲ ಏಕಾದಶಿಯ ಹೊತ್ತಿಗೆ ಚಾತುರ್ಮಾಸ್ಯವೂ ಆರಂಭವಾಗುತ್ತದೆ. ಮಾಧ್ವ ಸಂಪ್ರದಾಯದ ಮನೆಗಳಲ್ಲಿ ಮೊದಲ ತಿಂಗಳು ತರಕಾರಿ, ಅನಂತರ ಮೊಸರು, ಹಾಲು, ದ್ವಿದಳ ಧಾನ್ಯ ಎಂದು ತಿಂಗಳಿಗೊಂದನ್ನು ಬಿಡುವ ವ್ರತ ಹಿಡಿಯುತ್ತಾರೆ. ಬಿಡುವುದನ್ನು ಕಲಿಸುವ ಕಾಲದಲ್ಲೇ ಕೊಳ್ಳುವ ಕರೆಯೂ ಕೇಳಿಬರುವುದರಿಂದ ಒಂದು ಹಳೆಯ ಪ್ರಶ್ನೆ ಹೊಸದಾಗಿ ಏಳುತ್ತದೆ: ಅಗ್ಗಕ್ಕೆ ಕೊಳ್ಳುವುದು ಮಿತವ್ಯಯವೋ, ಪರಿಗ್ರಹದ, ಅಂದರೆ ವಸ್ತುಗಳನ್ನು ಕೂಡಿಹಾಕುವ ಆಸೆಯ, ಇನ್ನೊಂದು ರೂಪವೋ?

ಬೆಲೆ ಇಳಿಸುವುದು ತಾನಾಗಿಯೇ ಮೋಸವಲ್ಲ. ಮಾರಾಟವಾಗದ ಸರಕು ಗೋದಾಮಿನ ಜಾಗವನ್ನು ಹಿಡಿದಿಡುತ್ತದೆ, ವ್ಯಾಪಾರಿಯ ಬಂಡವಾಳವನ್ನು ಕಟ್ಟಿಹಾಕುತ್ತದೆ. ಹೀಗಾಗಿ ಋತು ಮುಗಿದ ಮೇಲೆ ಕಡಿಮೆಗೆ ಮಾರುವುದು ಅವನಿಗೂ ಹಿತ. ಕೂಪನ್ನಿನ ಲೆಕ್ಕ ಬೇರೆ. ಅದನ್ನು ಹುಡುಕಿ, ಕಾಪಿಟ್ಟು, ನೆನಪಿನಿಂದ ತರುವವರು ಬೆಲೆಯನ್ನು ಎಣಿಸುವವರು. ಉಳಿದವರು ಪೂರ್ಣ ಬೆಲೆ ಕೊಡುತ್ತಾರೆ. ಒಂದೇ ವಸ್ತುವನ್ನು ಎರಡು ಬಗೆಯ ಗ್ರಾಹಕರಿಗೆ ಎರಡು ಬೆಲೆಯಲ್ಲಿ ಮಾರುವ ಉಪಾಯವದು. ಮೊದಲು ಬೆಲೆ ಏರಿಸಿ ಆಮೇಲೆ ಇಳಿಸಿದಂತೆ ತೋರಿಸಿದಾಗ ಮಾತ್ರ ವ್ಯಾಪಾರದಲ್ಲಿ ಅಸತ್ಯ ಸೇರುತ್ತದೆ.

ಕೊಳ್ಳುವವರ ಮನಸ್ಸಿನಲ್ಲಿ ನಡೆಯುವುದು ಇದಕ್ಕಿಂತ ಸೂಕ್ಷ್ಮ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್, 1985ರ ತಮ್ಮ ಪ್ರಬಂಧವೊಂದರಲ್ಲಿ ಖರೀದಿಯ ತೃಪ್ತಿಯನ್ನು ಎರಡಾಗಿ ಬಿಡಿಸಿದರು. ಒಂದು, ವಸ್ತುವಿನ ಉಪಯೋಗದಿಂದ ಬರುವುದು. ಇನ್ನೊಂದು, ಅಗ್ಗಕ್ಕೆ ದಕ್ಕಿತು ಎಂಬ ವ್ಯವಹಾರದ ಖುಷಿ. ಎರಡನೆಯದು ಬಲವಾದಾಗ ಬೇಡದ ವಸ್ತುವೂ ಮನೆ ಸೇರುತ್ತದೆ. 2,000 ರೂಪಾಯಿಯ ಕುಕ್ಕರ್ 1,200ಕ್ಕೆ ಸಿಕ್ಕಿತೆನ್ನೋಣ. ಕುಕ್ಕರ್ ಬೇಕೇ ಆಗಿದ್ದ ಮನೆಗೆ 800 ರೂಪಾಯಿ ಉಳಿಯಿತು. ಕೆಲಸ ಮಾಡುವ ಕುಕ್ಕರ್ ಆಗಲೇ ಇದ್ದ ಮನೆಯಲ್ಲಿ 1,200 ರೂಪಾಯಿ ಖರ್ಚಾಯಿತು. ಚೀಟಿಯ ಮೇಲಿನ ಅಂಕಿ ಒಂದೇ. ಅದು ಉಳಿತಾಯವೋ ವ್ಯಯವೋ ಎಂಬುದನ್ನು ಅಗತ್ಯವೇ ತೀರ್ಮಾನಿಸುತ್ತದೆ.

ಅಗತ್ಯದ ಗಡಿಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಅತ್ಯಂತ ಕ್ರಮಬದ್ಧವಾಗಿ ಯೋಚಿಸಿದ್ದು ಜೈನ ಧರ್ಮ. ತತ್ತ್ವಾರ್ಥಸೂತ್ರದ ಪ್ರಕಾರ ಪರಿಗ್ರಹದ ಸಾರ ಇರುವುದು ಮೂರ್ಛೆಯಲ್ಲಿ, ಅಂದರೆ ವಸ್ತುವಿನ ಬಗೆಗಿನ ಮಮಕಾರದಲ್ಲಿ. ಮುನಿಗಳು ಎಲ್ಲವನ್ನೂ ತೊರೆಯುತ್ತಾರೆ. ಗೃಹಸ್ಥನಾದ ಶ್ರಾವಕನಿಗೆ ಹೇಳಿರುವುದು ಪರಿಗ್ರಹ ಪರಿಮಾಣ ವ್ರತ: ಭೂಮಿ, ಮನೆ, ಬೆಳ್ಳಿ, ಬಂಗಾರ, ಧಾನ್ಯಗಳ ಜೊತೆಗೆ ಬಟ್ಟೆ, ಪಾತ್ರೆಗಳಂಥ ಗೃಹೋಪಯೋಗಿ ವಸ್ತುಗಳಿಗೂ ಅವನೇ ಒಂದು ಮಿತಿ ಹಾಕಿಕೊಳ್ಳಬೇಕು. ಜೈನ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದ ಪ್ರಕಾರ ಭೋಗೋಪಭೋಗಗಳ ಮಿತಿಯನ್ನು ಜೀವನಪರ್ಯಂತವೂ ಸ್ವೀಕರಿಸಬಹುದು, ನಿಗದಿತ ಅವಧಿಗೂ ಸ್ವೀಕರಿಸಬಹುದು. ಇಲ್ಲಿ ಗಮನಿಸಬೇಕಾದದ್ದು ಕ್ರಮ. ಮಿತಿಯನ್ನು ಮೊದಲೇ ಗೊತ್ತುಮಾಡಿಕೊಂಡವನನ್ನು ಬೆಲೆ ಅಲುಗಾಡಿಸದು. ಬೆಲೆ ನೋಡಿದ ಮೇಲೆ ಮಿತಿ ಹುಡುಕುವವನಿಗೆ ಆಸೆಯೇ ಅಳತೆಗೋಲಾಗುತ್ತದೆ.

ಬೆಲೆ ಸೊನ್ನೆಗೇ ಇಳಿದರೂ ಈ ಮಾತು ಸಲ್ಲುತ್ತದೆ ಎಂಬುದಕ್ಕೆ ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯೇ ಸಾಕ್ಷಿ. ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಅಂದಂದಿಗೆ ಬೇಕಾದಷ್ಟನ್ನು ಮೀರಿದ್ದು ಆಸೆಯ ಫಲವೆಂದು ಹೇಳಿ, ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರಲು ಕಳಿಸಿದಳು. ಆ ಅಕ್ಕಿಗೆ ಯಾರೂ ಬೆಲೆ ಕೇಳಿರಲಿಲ್ಲ, ಮನೆಯಲ್ಲಿ ಸಿರಿಯೂ ಇರಲಿಲ್ಲ. ಹಾಗಿದ್ದೂ ಹೆಚ್ಚಿನದು ಅವಳಿಗೆ ಲಾಭವಾಗಿ ಕಾಣಲಿಲ್ಲ.

ಹೆಚ್ಚು ಬಂದದ್ದನ್ನೆಲ್ಲ ತಿರಸ್ಕರಿಸಲೇಬೇಕೆಂದು ಇದರರ್ಥವಲ್ಲ. ಬೌದ್ಧರ ವಿನಯಪಿಟಕದಲ್ಲಿ ಕೌಶಾಂಬಿಯ ರಾಜ ಉದಯನನ ರಾಣಿಯರು ಬುದ್ಧನ ಶಿಷ್ಯ ಆನಂದನಿಗೆ ಐನೂರು ವಸ್ತ್ರಗಳನ್ನು ದಾನ ಮಾಡಿದ ಪ್ರಸಂಗವಿದೆ. ಇಷ್ಟೊಂದು ಬಟ್ಟೆ ಭಿಕ್ಷುವಿಗೇಕೆ ಎಂದು ರಾಜ ಕೇಳುತ್ತಾನೆ. ಚೀವರ ಸವೆದವರಿಗೆ ಹಂಚುತ್ತೇವೆ, ಹಳೆಯವು ಹಾಸಿಗೆಯ ಹೊದಿಕೆ, ನೆಲಹಾಸು, ಕಾಲೊರಸು ಆಗುತ್ತವೆ, ಕೊನೆಗೆ ಚೂರುಗಳನ್ನು ಮಣ್ಣಿನೊಡನೆ ಕಲಸಿ ನೆಲ ಸಾರಿಸುತ್ತೇವೆ ಎಂದು ಆನಂದ ವಿವರಿಸುತ್ತಾನೆ. ವಸ್ತು ಬಳಕೆಗೆ ಸಂದು ಪೂರ್ತಿ ಸವೆದರೆ ಸಂಖ್ಯೆಯಲ್ಲಿ ದೋಷವಿಲ್ಲ. ಕಪಾಟಿನಲ್ಲಿ ಕೊಳೆಯುವ ಒಂದೇ ವಸ್ತುವೂ ಹೊರೆ.

ಗಾಂಧೀಜಿ 1930ರಲ್ಲಿ ಯೆರವಡಾ ಜೈಲಿನಿಂದ ಆಶ್ರಮವಾಸಿಗಳಿಗೆ ಬರೆದ ಪತ್ರಗಳಲ್ಲಿ ಅಪರಿಗ್ರಹವನ್ನು ಅಸ್ತೇಯಕ್ಕೆ, ಅಂದರೆ ಕದಿಯದಿರುವ ವ್ರತಕ್ಕೆ, ಜೋಡಿಸಿದರು: ಅಗತ್ಯವಿಲ್ಲದ್ದನ್ನು ಪಡೆಯುವುದೂ ಒಂದು ಬಗೆಯ ಕಳವು. ಈ ನೋಟದಲ್ಲಿ ಕೊಳ್ಳುವವರ ಹೊಣೆ ತಯಾರಿಸಿದವರವರೆಗೂ ಚಾಚುತ್ತದೆ. ಅಂಗಡಿ ತನ್ನ ಲಾಭ ತಗ್ಗಿಸಿ ಕೊಟ್ಟ ರಿಯಾಯಿತಿಗೂ, ನೇಕಾರನ ಕೂಲಿ ಕತ್ತರಿಸಿ ಹುಟ್ಟಿದ ಅಗ್ಗಕ್ಕೂ ನೈತಿಕವಾಗಿ ಬಹಳ ಅಂತರವಿದೆ. ಕಾಯಕಕ್ಕೆ ತಕ್ಕ ಫಲ ಸಿಗದ ಅಗ್ಗದ ಬೆಲೆಯನ್ನು ಬೇರೊಬ್ಬರು ತೆತ್ತಿರುತ್ತಾರೆ.

ಬಡ ಮನೆಯ ವಿಷಯದಲ್ಲಿ ಪ್ರಶ್ನೆಯ ತೂಕವೇ ಬದಲಾಗುತ್ತದೆ. ಮಕ್ಕಳ ಕಂಬಳಿಯನ್ನೋ ಅಡುಗೆಯ ಪಾತ್ರೆಯನ್ನೋ ಕೊಳ್ಳಲು ಸೇಲಿಗಾಗಿ ತಿಂಗಳುಗಟ್ಟಲೆ ಕಾಯುವ ಕುಟುಂಬದಲ್ಲಿ ಲೋಭವಿಲ್ಲ, ವಿವೇಕವಿದೆ. ಅಗತ್ಯ ಮೊದಲು, ಬೆಲೆ ಆಮೇಲೆ ಎಂಬ ಕ್ರಮವನ್ನು ಅದು ಪಾಲಿಸುತ್ತಲೇ ಇದೆ. ಅಪರಿಗ್ರಹದ ಹೆಸರಿನಲ್ಲಿ ಅಂಥ ಎಚ್ಚರವನ್ನು ಹಳಿಯುವುದು ಅನ್ಯಾಯ.

ಉಳಿದ ಹಣದ ಗತಿಯೂ ಈ ವಿಚಾರದ ಭಾಗವೇ. ಕುಕ್ಕರಿನಲ್ಲಿ ಉಳಿದ 800 ರೂಪಾಯಿ ಅದೇ ಅಂಗಡಿಯ ಮುಂದಿನ ಕೂಪನ್ನಿಗೆ ಕರಗಿದರೆ ಉಳಿತಾಯ ಮಾತಿನಲ್ಲಷ್ಟೇ ಉಳಿಯುತ್ತದೆ. ಸಾಲ ತೀರಿಸಲು, ಓದಿಗೆ, ಕಷ್ಟಕಾಲಕ್ಕೆ ಅಥವಾ ದಾಸೋಹಕ್ಕೆ ಅದನ್ನು ತೆಗೆದಿಟ್ಟಾಗ ರಿಯಾಯಿತಿ ನಿಜವಾದ ಉಳಿತಾಯವಾಗುತ್ತದೆ.